ಹತ್ತರ ನಾಣ್ಯ ಹೊತ್ತ ಪರೀಕ್ಷೆ ಗಾಡಿ

ಮಕ್ಕಳು ಮಾಡಿದ, ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಮರದ ಕಾರುಗಳನ್ನು ಇಳಿಜಾರಿನಲ್ಲಿ ಬಿಡುವ ರೇಸಿನಲ್ಲಿ ಎಲ್ಲರ ಕಣ್ಣು ಗೆಲ್ಲುವ ಕಾರಿನ ಮೇಲೆ. ನನಗೆ ಇಷ್ಟವಾಗುವುದು ರೇಸಿಗೇ ಇಳಿಯದ ಗಾಡಿ. ಅದಕ್ಕೆ ಬಣ್ಣ ಇಲ್ಲ, ಅಂದಚಂದದ ಆಕಾರ ಇಲ್ಲ. ಒಂದು ಹಲಗೆ ತುಂಡು, ನಾಲ್ಕು ಚಕ್ರ, ಮೇಲೆ ಕಪ್ಪು ಟೇಪು ಸುತ್ತಿದ ಹತ್ತು ರೂಪಾಯಿ ನಾಣ್ಯಗಳು. ಮಕ್ಕಳು ಅದನ್ನು ಪರೀಕ್ಷೆ ಗಾಡಿ ಅಂತ ಕರೆಯುತ್ತಾರೆ. ರೇಸಿನ ದಿನ ಅದು ಕಪಾಟಿನ ಮೇಲೆ ಕೂತಿರುತ್ತದೆ. ಆದರೆ ಆ ದಿನ ಓಡುವ ಪ್ರತಿಯೊಂದು ಕಾರಿನಲ್ಲೂ ಅದು ಕಲಿಸಿಕೊಟ್ಟ ಪಾಠ ಇರುತ್ತದೆ.

ನಮ್ಮದು ಕಾಸರಗೋಡು ಜಿಲ್ಲೆಯಲ್ಲಿ ಬದಿಯಡ್ಕದ ಆಸುಪಾಸಿನ ಊರು. ಏಪ್ರಿಲ್, ಮೇ ರಜೆಯಲ್ಲಿ ಇಲ್ಲಿನ ವಾಚನಾಲಯದ ಹಾಲಿನಲ್ಲಿ ಮಕ್ಕಳಿಗೆ ಶಿಬಿರ ನಡೆಯುತ್ತದೆ. ಹಾಡು, ಚಿತ್ರ, ನಾಟಕ ಎಲ್ಲ ಇದೆ. ಅದರ ಜೊತೆಗೆ ಈಗ ಮರದ ಕಾರೂ ಸೇರಿದೆ. ಬರುವ ಮಕ್ಕಳಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದವರು. ಮನೆಯಲ್ಲಿ ಒಬ್ಬರದು ತುಳು, ಒಬ್ಬರದು ಮಲಯಾಳ, ಇನ್ನೊಬ್ಬರದು ಮರಾಠಿ, ಹವ್ಯಕ ಅಥವಾ ಬ್ಯಾರಿ. ಇಳಿಜಾರಿನ ಹತ್ತಿರ ನಿಂತಾಗ ಎಲ್ಲ ಭಾಷೆಯಲ್ಲೂ ಒಟ್ಟಿಗೆ ಕೂಗು ಏಳುತ್ತದೆ.

ಈ ಆಟ ಹುಟ್ಟಿದ್ದು ಅಮೆರಿಕದಲ್ಲಿ. 1953ರಲ್ಲಿ, ಕ್ಯಾಲಿಫೋರ್ನಿಯಾದ ಮ್ಯಾನ್‌ಹ್ಯಾಟನ್ ಬೀಚ್ ಎಂಬ ಊರಲ್ಲಿ, ಡಾನ್ ಮರ್ಫಿ ಎನ್ನುವವರು ಇದನ್ನು ಶುರು ಮಾಡಿದರು. ಮಕ್ಕಳು ತಾವೇ ಕೂತು ಓಡಿಸುವ ಸೋಪ್ ಬಾಕ್ಸ್ ಡರ್ಬಿ ಅಂತ ಒಂದು ದೊಡ್ಡ ಸ್ಪರ್ಧೆ ಅಲ್ಲಿ ಮೊದಲೇ ಇತ್ತು. ಮರ್ಫಿಯವರ ಮಗನಿಗೆ ಹತ್ತು ವರ್ಷ, ಅದಕ್ಕೆ ಸೇರುವ ವಯಸ್ಸಾಗಿರಲಿಲ್ಲ. ಹಾಗಾಗಿ ಕೈಯಲ್ಲಿ ಹಿಡಿಯುವಷ್ಟೇ ದೊಡ್ಡ ಪೈನ್ ಮರದ ಕಾರು, ಅದಕ್ಕೆ ಒಂದು ಇಳಿಜಾರು ಪಟ್ಟಿ, ತಂದೆ ಮಕ್ಕಳು ಸೇರಿ ಮಾಡುವ ರೇಸು ಅಂತ ಯೋಚಿಸಿದರು. ಪೈನ್‌ವುಡ್ ಡರ್ಬಿ ಎಂಬ ಹೆಸರಲ್ಲಿ ಅದು ಸ್ಕೌಟ್ ಮಕ್ಕಳ ನಡುವೆ ಇಂದಿಗೂ ನಡೆಯುತ್ತಿದೆ. 7 ಇಂಚು ಉದ್ದದ ಮರದ ತುಂಡು, ನಾಲ್ಕು ಪ್ಲಾಸ್ಟಿಕ್ ಚಕ್ರ, ಅಚ್ಚಿನ ಬದಲು ನಾಲ್ಕು ಮೊಳೆ. ಒಟ್ಟು ತೂಕ 5 ಔನ್ಸ್ ದಾಟಬಾರದು. ಅಂದರೆ 141.7 ಗ್ರಾಂ. ಎಂಜಿನ್ ಇಲ್ಲ, ತಳ್ಳುವ ಹಾಗಿಲ್ಲ. ಇಳಿಜಾರಿನ ತುದಿಯಲ್ಲಿ ಒಂದು ಕಡ್ಡಿಗೆ ಒರಗಿ ನಿಂತಿರುತ್ತದೆ. ಕಡ್ಡಿ ಬಿದ್ದಾಗ ತಾನೇ ಇಳಿಯುತ್ತದೆ.

ನಾವು ಲೆಕ್ಕಕ್ಕೆ ಸುಲಭ ಅಂತ 140 ಗ್ರಾಂ ಇಟ್ಟುಕೊಂಡಿದ್ದೇವೆ. ಪ್ಲೈವುಡ್ ಹಾಸಿದ ಇಳಿಜಾರಿನ ಎತ್ತರ 4 ಅಡಿ. ಕೆಳಗೆ ಸಪಾಟು ಜಾಗ 24 ಅಡಿ. ಪ್ರತಿ ದಾರಿಯ ಮಧ್ಯದಲ್ಲಿ ಕಾಲು ಇಂಚು ಎತ್ತರದ ಮರದ ಪಟ್ಟಿ. ಗಾಡಿಯ ಚಕ್ರಗಳು ಅದರ ಎರಡೂ ಬದಿಗೆ ಬರುತ್ತವೆ. ದಾರಿ ತಪ್ಪದ ಹಾಗೆ ಆ ಪಟ್ಟಿಯೇ ನೋಡಿಕೊಳ್ಳುತ್ತದೆ.

ಇಂಥ ರೇಸಿನಲ್ಲಿ ಒಂದು ತೊಂದರೆ ಎಲ್ಲ ಕಡೆಯೂ ಇದೆ. ಮನೆಯಲ್ಲಿ ಡ್ರಿಲ್ ಮಷಿನ್ ಇರುವ, ಲೇಥ್ ಇಟ್ಟಿರುವ ಪರಿಚಯದವರಿರುವ ಮಕ್ಕಳ ಕಾರು ಗೆಲ್ಲುತ್ತದೆ. ಅಪ್ಪ ಬೆಳಗ್ಗೆ ಅಡಿಕೆ ಸುಲಿಯಲು ಹೋಗಿ ರಾತ್ರಿ ಬರುವ ಮನೆಯ ಹುಡುಗನ ಕಾರು ಮಧ್ಯದಲ್ಲೇ ನಿಂತುಬಿಡುತ್ತದೆ. ಅವನಿಗೆ ಯಾಕೆ ಸೋತೆ ಅಂತಲೂ ಗೊತ್ತಾಗುವುದಿಲ್ಲ. ಗೆದ್ದವನಿಗೂ ಯಾಕೆ ಗೆದ್ದೆ ಅಂತ ಗೊತ್ತಿರುವುದಿಲ್ಲ ಅನ್ನುವುದು ಬೇರೆ ಮಾತು. ಇದಕ್ಕೆ ನನಗೆ ತೋಚಿದ ಮದ್ದು ಒಂದೇ. ಪರೀಕ್ಷೆ ಗಾಡಿ ಯಾರೊಬ್ಬರದೂ ಆಗಿರಬಾರದು, ಎಲ್ಲರದ್ದಾಗಿರಬೇಕು. ಅದು ಹೇಳಿದ್ದನ್ನು ಬೋರ್ಡಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಬರೆಯಬೇಕು. ಭಾರ ಎಲ್ಲಿ ಇಡಬೇಕು, ಮೊಳೆ ಎಷ್ಟು ಉಜ್ಜಬೇಕು ಅನ್ನುವುದು ಯಾರ ಮನೆಯ ಗುಟ್ಟೂ ಆಗಬಾರದು. ಆಮೇಲೆ ಬೇಕಾದರೆ ಸ್ಪರ್ಧೆ ನಡೆಯಲಿ.

ಎಲ್ಲರದ್ದು ಅಂದಮೇಲೆ ಅಗ್ಗವೂ ಆಗಿರಬೇಕು. ಕೆಳಗೆ ಬಿದ್ದರೆ, ಚಕ್ರ ಮುರಿದರೆ ಯಾರೂ ಅಳಬಾರದು.

ಮರದಿಂದ ಶುರು ಮಾಡುತ್ತೇನೆ. ನಮ್ಮಲ್ಲಿ ಅಡಿಕೆ ಮರಕ್ಕೆ ಬರ ಇಲ್ಲ. ಆದರೆ ಈ ಕೆಲಸಕ್ಕೆ ಅದು ಆಗುವುದಿಲ್ಲ. ಹೊರಗಿನ ಭಾಗ ಗಟ್ಟಿ, ಆದರೆ ಮೊಳೆ ಹೊಡೆದರೆ ನಾರಿನ ಉದ್ದಕ್ಕೇ ಸೀಳುತ್ತದೆ. ಒಳಗಿನದು ಬೆಂಡು, ಮೊಳೆ ಹಿಡಿಯುವುದೇ ಇಲ್ಲ. ಹಲಸಿನ ಮರ ಚಂದ. ಕೀಸುಳಿ ಹಾಕಿದರೆ ಅರಶಿನ ಬಣ್ಣ ಎದ್ದು ಬರುತ್ತದೆ. ಅದನ್ನು ಮಕ್ಕಳು ತಮ್ಮ ರೇಸಿನ ಕಾರಿಗೆ ಇಟ್ಟುಕೊಳ್ಳಲಿ. ಪರೀಕ್ಷೆ ಗಾಡಿಗೆ ನನ್ನ ಆಯ್ಕೆ ಪ್ಯಾಕಿಂಗ್ ಮರ. ವಿದೇಶದಿಂದ ಬರುವ ಮಷಿನ್‌ಗಳ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಪೈನ್ ಹಲಗೆ ಇರುತ್ತದೆ. ಅದರ ಮೇಲೆ ಗೋಧಿ ತೆನೆಯ ಚಿತ್ರ, ಪಕ್ಕದಲ್ಲಿ 'ಎಚ್‌ಟಿ' ಅನ್ನುವ ಮುದ್ರೆ ಇದ್ದರೆ ಹುಳ ಸಾಯಲೆಂದು ಬಿಸಿ ಕೊಟ್ಟ ಮರ ಅಂತ ಅರ್ಥ. ಗುಜರಿ ಅಂಗಡಿಯಲ್ಲಿ ಇಂಥ ಹಲಗೆ ಸಿಗುತ್ತದೆ. ಹಗುರ, ಮೆದು, ಮಕ್ಕಳ ಕೈಗರಗಸಕ್ಕೂ ಬಗ್ಗುತ್ತದೆ. ಅರ್ಧ ಇಂಚು ದಪ್ಪದ ಹಲಗೆಯಿಂದ 7 ಇಂಚು ಉದ್ದ, ಒಂದೂಮುಕ್ಕಾಲು ಇಂಚು ಅಗಲದ ತುಂಡು ಕತ್ತರಿಸಿ. ಗಾಡಿ ಅಷ್ಟೇ. ಮೂಲೆ ಕೆತ್ತುವುದು, ಮೂತಿ ಚೂಪು ಮಾಡುವುದು ಯಾವುದೂ ಬೇಡ.

ಒಂದಲ್ಲ, ಎರಡು ಗಾಡಿ ಮಾಡಬೇಕು. ಇದು ಮುಖ್ಯ. ಒಂದೇ ಹಲಗೆಯಿಂದ, ಒಂದರ ಪಕ್ಕ ಒಂದು ಕತ್ತರಿಸಿದ ಅವಳಿಗಳು. ಮೊಳೆಯ ತೂತುಗಳನ್ನು ಎರಡನ್ನೂ ಒಟ್ಟಿಗೆ ಹಿಡಿದು ಗುರುತು ಹಾಕಬೇಕು. ಒಂದಕ್ಕೆ ಸಾಕ್ಷಿ ಗಾಡಿ ಅಂತ ಹೆಸರು. ಅದನ್ನು ಯಾರೂ ಮುಟ್ಟುವ ಹಾಗಿಲ್ಲ, ಮೊದಲ ದಿನ ಹೇಗಿತ್ತೋ ಹಾಗೇ ಇರುತ್ತದೆ. ಬದಲಾವಣೆ ಎಲ್ಲ ಇನ್ನೊಂದಕ್ಕೆ. ನಿನ್ನೆ ಸೆಕೆ, ಇವತ್ತು ಮಳೆ, ಪ್ಲೈವುಡ್ಡಿನ ಮೇಲೆ ಧೂಳು, ಹೀಗೆ ನೂರು ಕಾರಣಕ್ಕೆ ಸಮಯ ಏರುಪೇರಾಗುತ್ತದೆ. ಸಾಕ್ಷಿ ಗಾಡಿಯೂ ಅದೇ ಹೊತ್ತಿಗೆ ಪಕ್ಕದಲ್ಲಿ ಓಡಿದರೆ ಮಾತ್ರ ಬದಲಾವಣೆಯಿಂದ ಏನಾಯಿತು ಅಂತ ಗೊತ್ತಾಗುವುದು.

ಇನ್ನು ಭಾರ. ಅಮೆರಿಕದಲ್ಲಿ ಇದಕ್ಕೆಂದೇ ಟಂಗ್‌ಸ್ಟನ್ ತುಂಡು ಮಾರುತ್ತಾರೆ. ಟಂಗ್‌ಸ್ಟನ್ ನೀರಿಗಿಂತ 19 ಪಟ್ಟು ಭಾರ. ಸೀಸ 11 ಪಟ್ಟು, ಕಬ್ಬಿಣ ಸುಮಾರು 8 ಪಟ್ಟು. ಟಂಗ್‌ಸ್ಟನ್ ದುಬಾರಿ. ಕುಂಬಳೆ, ಮಂಜೇಶ್ವರದ ಕಡಲ ಬದಿಯಲ್ಲಿ ಬಲೆಗೆ ಕಟ್ಟುವ ಸೀಸದ ಗುಂಡು ಸುಲಭವಾಗಿ ಸಿಗುತ್ತದೆ. ಆದರೆ ಸೀಸ ವಿಷ. ಮಕ್ಕಳ ಕೈಗೆ ಅದನ್ನು ಕೊಡಲು ನನಗೆ ಮನಸ್ಸಿಲ್ಲ. ನಟ್, ವಾಷರ್ ಆಗಬಹುದು, ಆದರೆ ಒಂದೇ ಡಬ್ಬಿಯ ವಾಷರ್‌ಗಳಲ್ಲೂ ತೂಕ ಹೆಚ್ಚು ಕಡಿಮೆ ಇರುತ್ತದೆ.

ಇದಕ್ಕೆಲ್ಲ ಪರಿಹಾರ ನಮ್ಮ ಜೇಬಲ್ಲೇ ಇದೆ. ನಾಣ್ಯದಷ್ಟು ಸಮನಾಗಿ ತೂಗುವ ವಸ್ತು ಮಕ್ಕಳಿಗೆ ಬೇರೆ ಎಲ್ಲಿ ಸಿಗುತ್ತದೆ? ಎರಡು ಲೋಹದ ಹತ್ತು ರೂಪಾಯಿ ನಾಣ್ಯ ಒಂದೊಂದೂ 7.7 ಗ್ರಾಂ. ಹತ್ತು ನಾಣ್ಯಕ್ಕೆ 77 ಗ್ರಾಂ. ಹಲಗೆ, ಚಕ್ರ, ಮೊಳೆ ಸೇರಿ 60 ಗ್ರಾಂ ಆಸುಪಾಸು ಬರುತ್ತದೆ. ಒಟ್ಟು 137. ಉಳಿದ ಮೂರು ಗ್ರಾಂಗೆ ಸಣ್ಣ ವಾಷರ್ ಸಾಕು. ಒಂದು ರೂಪಾಯಿ ನಾಣ್ಯ ಬಳಸುವುದಾದರೆ ನೋಡಿಕೊಂಡು ಬಳಸಿ. 2011ರ ಸರಣಿಯದು 3.79 ಗ್ರಾಂ, 2019ರಲ್ಲಿ ಬಂದ ಹೊಸ ಸರಣಿಯದು 3.09 ಗ್ರಾಂ. ಎರಡನ್ನೂ ಬೆರೆಸಿದರೆ ಲೆಕ್ಕ ಕೆಡುತ್ತದೆ. ತೂತು ಕೊರೆಯುವುದು, ಕರಗಿಸುವುದು ಬೇಡವೇ ಬೇಡ. 2011ರ ನಾಣ್ಯ ಕಾಯಿದೆಯ ಪ್ರಕಾರ ನಾಣ್ಯ ಹಾಳು ಮಾಡುವುದು ಅಪರಾಧ. ಟೇಪು ಸುತ್ತಿದರೆ ಸಾಕು. ಕೆಲಸ ಮುಗಿದ ಮೇಲೆ ಟೇಪು ಬಿಚ್ಚಿ, ಸೀಮೆಎಣ್ಣೆಯಲ್ಲಿ ಅಂಟು ಒರೆಸಿ, ಅಂಗಡಿಗೆ ವಾಪಸ್ ಕೊಡಬಹುದು. ಗಾಡಿಯ ಭಾರಕ್ಕೆ ಆದ ಖರ್ಚು ಸೊನ್ನೆ.

ತೂಕ ನೋಡಲು ಅಡಿಕೆ ವ್ಯಾಪಾರಿಯ ತಕ್ಕಡಿ ಸಾಲದು, ಅದು ಕ್ವಿಂಟಲ್ ಲೆಕ್ಕದ್ದು. ಪೇಟೆಯ ಅಕ್ಕಸಾಲಿಗರ ಅಂಗಡಿಗೆ ಮಕ್ಕಳನ್ನು ಕರೆದುಕೊಂಡು ಹೋದೆ. ಅವರು ಚಿನ್ನ ತೂಗುವ ಗಾಜಿನ ಪೆಟ್ಟಿಗೆಯೊಳಗೆ ನಮ್ಮ ಹಲಗೆ ತುಂಡನ್ನು ಎಷ್ಟು ಗೌರವದಿಂದ ಇಟ್ಟರು ಅಂದರೆ, ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. "ಉಸಿರಾಡಿ ಮಕ್ಕಳೇ, ಬಾಗಿಲು ಮುಚ್ಚಿದ್ದೇನೆ, ಗಾಳಿ ತಾಗುವುದಿಲ್ಲ" ಅಂದರು ಅವರು.

ಈಗ ಭಾರ ಎಲ್ಲಿಡಬೇಕು ಅನ್ನುವ ಪ್ರಶ್ನೆ. ಮಕ್ಕಳನ್ನು ಕೇಳಿದರೆ ಮುಕ್ಕಾಲು ಪಾಲು ಮಂದಿ ಮುಂದೆ ಅನ್ನುತ್ತಾರೆ. ಮುಂದೆ ಭಾರ ಇದ್ದರೆ ಎಳೆದುಕೊಂಡು ಹೋಗುತ್ತದೆ ಅಲ್ವಾ ಅಂತ ಅವರ ತರ್ಕ. ಇದನ್ನು ಮಾತಲ್ಲಿ ತಿದ್ದಬಾರದು. ಒಂದು ಗಾಡಿಯ ಮೂತಿಯಲ್ಲಿ ನಾಣ್ಯ, ಇನ್ನೊಂದರ ಹಿಂದಿನ ಚಕ್ರದ ಹತ್ತಿರ ನಾಣ್ಯ. ತೂಕ ಒಂದೇ, ಚಕ್ರ ಒಂದೇ ನಮೂನೆಯವು. ಬಿಟ್ಟು ನೋಡಿ. ಇಳಿಜಾರು ಮುಗಿಯುವವರೆಗೆ ಎರಡೂ ಜೊತೆಜೊತೆಗೇ ಬರುತ್ತವೆ. ಸಪಾಟಿಗೆ ಬಂದ ಮೇಲೆ ಹಿಂದೆ ಭಾರ ಇರುವ ಗಾಡಿ ಸ್ವಲ್ಪ ಸ್ವಲ್ಪವೇ ಮುಂದಾಗುತ್ತದೆ.

ಏಳನೇ ಕ್ಲಾಸಿನ ಒಬ್ಬಳು ಹುಡುಗಿ ಇದನ್ನು ನೋಡಿ ಸುಮ್ನೆ ಕೂರಲಿಲ್ಲ. ಗಾಡಿಯನ್ನು ಇಳಿಜಾರಿನ ತುದಿಯಲ್ಲೇ ಹಿಡಿದು, ನಾಣ್ಯದ ಕಟ್ಟಿನ ಮೇಲೆ ಬೆರಳಿಟ್ಟು, ನೆಲದಿಂದ ಅಲ್ಲಿಗೆ ಎಷ್ಟು ಎತ್ತರ ಅಂತ ಟೇಪಿನಲ್ಲಿ ಅಳೆದಳು. ಆಮೇಲೆ ನಾಣ್ಯ ಮುಂದಿರುವ ಗಾಡಿಯನ್ನು ಅದೇ ಜಾಗದಲ್ಲಿಟ್ಟು ಅಳೆದಳು. "ಮಾಮ, ಹಿಂದೆ ಇದ್ದರೆ ನಾಣ್ಯ ಜಾಸ್ತಿ ಮೇಲಿಂದ ಬೀಳುತ್ತದೆ" ಅಂದಳು. ವಿಷಯ ಅಷ್ಟೇ. ಗಾಡಿಗೆ ಬೇರೆ ಎಂಜಿನ್ ಇಲ್ಲ, ಎತ್ತರವೇ ಎಂಜಿನ್. ಇಳಿಜಾರಿನ ಓರೆ 30 ಡಿಗ್ರಿ ಅಂತಿಟ್ಟುಕೊಳ್ಳಿ. ಒಟ್ಟು ಭಾರದ ನಡುಬಿಂದು 3 ಇಂಚು ಹಿಂದೆ ಹೋದರೆ ಒಂದೂವರೆ ಇಂಚು ಮೇಲೆ ಹೋದ ಹಾಗಾಯಿತು. 4 ಅಡಿಯಲ್ಲಿ ಒಂದೂವರೆ ಇಂಚು ಅಂದರೆ ಶೇಕಡಾ 3. ವೇಗ ಎತ್ತರದ ವರ್ಗಮೂಲದ ಹಾಗೆ ಏರುವುದರಿಂದ ವೇಗಕ್ಕೆ ಸಿಗುವುದು ಶೇಕಡಾ ಒಂದೂವರೆ. 24 ಅಡಿ ಸಪಾಟಿನಲ್ಲಿ ಅದು ಸುಮಾರು 4 ಇಂಚಿನ ಮುನ್ನಡೆ. ಅರ್ಧ ಗಾಡಿಗಿಂತ ಜಾಸ್ತಿ! ಒಂದು ಪೈಸೆ ಖರ್ಚಿಲ್ಲದೆ, ನಾಣ್ಯದ ಕಟ್ಟು ಸರಿಸಿದ್ದಕ್ಕೆ.

ಹಾಗಂತ ಪೂರ್ತಿ ಹಿಂದಕ್ಕೆ ತಳ್ಳಿದರೆ ಮುಂದಿನ ಚಕ್ರಕ್ಕೆ ನೆಲದ ಹಿಡಿತ ಹೋಗುತ್ತದೆ. ಇಳಿಜಾರು ಸಪಾಟಿಗೆ ಸೇರುವ ಜಾಗದಲ್ಲಿ ಮೂತಿ ಕುಣಿಯುತ್ತದೆ, ಮಧ್ಯದ ಪಟ್ಟಿಗೆ ಬಡಿಯುತ್ತದೆ, ಗಳಿಸಿದ್ದೆಲ್ಲ ಹೋಗುತ್ತದೆ. ಹಿಂದಿನ ಅಚ್ಚಿನಿಂದ ಸುಮಾರು ಒಂದು ಇಂಚು ಮುಂದೆ ಭಾರದ ನಡುಬಿಂದು ಇರಲಿ ಅಂತ ಈ ಆಟದಲ್ಲಿ ಪಳಗಿದವರು ಹೇಳುತ್ತಾರೆ. ಅದನ್ನು ಕಂಡುಹಿಡಿಯುವುದು ಸುಲಭ. ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಗಾಡಿಯನ್ನು ಅಡ್ಡ ಇಡಿ. ಎತ್ತ ಕಡೆಗೂ ವಾಲದೆ ನಿಂತ ಜಾಗಕ್ಕೆ ಪೆನ್ಸಿಲಲ್ಲಿ ಗೆರೆ ಎಳೆಯಿರಿ. ಟೇಪು ಸುತ್ತಿದ ನಾಣ್ಯದ ಲಾಭ ಇಲ್ಲಿ ಗೊತ್ತಾಗುತ್ತದೆ. ಕಾಲು ಇಂಚು ಸರಿಸಿ ಮತ್ತೆ ಓಡಿಸಬಹುದು. ಒಳಗೆ ಕೊರೆದು ತುಂಬಿಸಿದ ಭಾರವನ್ನು ಹಾಗೆ ಸರಿಸಲು ಆಗುವುದಿಲ್ಲ.

ಭಾರ ಜಾಸ್ತಿ ಇದ್ದರೆ ವೇಗ ಜಾಸ್ತಿ ಯಾಕೆ ಅನ್ನುವುದು ಇನ್ನೂ ಚಂದದ ಪ್ರಶ್ನೆ. ಎತ್ತರದಿಂದ ಬಿಟ್ಟ ದೊಡ್ಡ ಕಲ್ಲು, ಸಣ್ಣ ಕಲ್ಲು ಒಟ್ಟಿಗೇ ಬೀಳುತ್ತವೆ ಅಂತ ಮಕ್ಕಳು ಪಾಠದಲ್ಲಿ ಓದಿರುತ್ತಾರೆ. ಹಾಗಿದ್ದ ಮೇಲೆ 140 ಗ್ರಾಂ ಗಾಡಿ 80 ಗ್ರಾಂ ಗಾಡಿಯನ್ನು ಯಾಕೆ ಹಿಂದೆ ಹಾಕಬೇಕು? ಮೊಳೆಗೂ ಚಕ್ರಕ್ಕೂ ನಡುವಿನ ಘರ್ಷಣೆ ಭಾರದ ಜೊತೆಗೇ ಏರುತ್ತದೆ, ಅದರಲ್ಲಿ ಲಾಭ ಇಲ್ಲ. ಆದರೆ ಎದುರಿಗೆ ಬರುವ ಗಾಳಿ ಭಾರ ನೋಡುವುದಿಲ್ಲ, ಆಕಾರ ಮತ್ತು ವೇಗ ನೋಡುತ್ತದೆ. ಚಕ್ರ ತಿರುಗಿಸಲು ಬೇಕಾದ ಶಕ್ತಿಯೂ ಗಾಡಿಯ ಭಾರದಿಂದ ಏರುವುದಿಲ್ಲ. ಈ ಎರಡು ಖರ್ಚು ಅಷ್ಟೇ ಇರುತ್ತದೆ, ಕೈಯಲ್ಲಿರುವ ಬಂಡವಾಳ ಮಾತ್ರ ಭಾರದ ಗಾಡಿಗೆ ಹೆಚ್ಚು. ಪುಸ್ತಕದ ಮಾತೂ ಸರಿ, ಗಾಡಿಯ ಮಾತೂ ಸರಿ. ಇದು ಹುಡುಗರ ತಲೆಯಲ್ಲಿ ಕೂರುವ ಗಳಿಗೆ ಇದೆಯಲ್ಲ, ಅದಕ್ಕಾಗಿಯೇ ನಾನು ರಜೆಯಲ್ಲಿ ಬೇರೆ ಯಾವ ಕೆಲಸವನ್ನೂ ಒಪ್ಪಿಕೊಳ್ಳುವುದಿಲ್ಲ.

ಚಕ್ರದ ಬಗ್ಗೆ ಹೇಳುವುದು ಸ್ವಲ್ಪವೇ. ಶಾಲೆಯ ಪ್ರಾಜೆಕ್ಟಿಗೆ ಅಂತ ಫ್ಯಾನ್ಸಿ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಚಕ್ರ ಸಾಕು. ಹಗುರವಾದದ್ದು ಆರಿಸಿ. ಮೊಳೆಗೆ ಹಾಕಿ ತಿರುಗಿಸಿ ನೋಡಿ, ಅಲುಗಾಡುವುದನ್ನು ಪಕ್ಕಕ್ಕಿಡಿ.

ಮೊಳೆಯ ಬಗ್ಗೆ ಮಾತ್ರ ನಿಂತು ಹೇಳಬೇಕು. ಅಂಗಡಿಯಿಂದ ತಂದ ಮೊಳೆಯ ತಲೆಯ ಕೆಳಗೆ ಸಣ್ಣ ಸಣ್ಣ ಏಣು ಇರುತ್ತದೆ. ಉಗುರಿಂದ ಸವರಿದರೆ ಗೊತ್ತಾಗುತ್ತದೆ. ಅದು ಪ್ರತಿ ಸುತ್ತಿಗೂ ಚಕ್ರವನ್ನು ಕೆರೆಯುತ್ತದೆ. ನಮ್ಮೂರಿನ ಆಚಾರ್ರು ಮೊಳೆಯನ್ನು ಡ್ರಿಲ್ಲಿನ ಬಾಯಿಗೆ ಸಿಕ್ಕಿಸಿ ತಿರುಗಿಸುತ್ತಾ, ಮೊದಲು ಸಣ್ಣ ಅರ ಹಿಡಿದು, ಆಮೇಲೆ 400, 600, 1000 ನಂಬರಿನ ಎಮರಿ ಪೇಪರ್ ಸಾಲಾಗಿ ಹಿಡಿದು ತೋರಿಸಿಕೊಟ್ಟರು. ಕೊನೆಗೆ ಬಟ್ಟೆಯಲ್ಲಿ ಒಂದಿಷ್ಟು ಟೂತ್‌ಪೇಸ್ಟ್. "ಮುಖ ಕಾಣುವವರೆಗೆ ಉಜ್ಜಬೇಕು" ಅಂದರು. ಡ್ರಿಲ್ಲನ್ನು ಹಿಡಿದದ್ದು ಅವರು, ಪೇಪರ್ ಹಿಡಿದದ್ದು ಮಕ್ಕಳು.

ಎಣ್ಣೆ ಬೇಡ. ನಮ್ಮ ಮಕ್ಕಳಿಗೆ ಮೊದಲು ಹೊಳೆಯುವುದೇ ತೆಂಗಿನೆಣ್ಣೆ. ಬಾಗಿಲ ಕೀಲಿಗೆ, ಹೊಲಿಗೆ ಯಂತ್ರಕ್ಕೆ, ತಲೆಗೆ ಎಲ್ಲಕ್ಕೂ ಅದೇ ತಾನೇ. ಬೇಡ ಅಂತ ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಹಾಗಾಗಿ ಪರೀಕ್ಷೆ ಗಾಡಿಗೇ ಹಾಕಿ ನೋಡಿದೆವು. ಮೊದಲ ಓಟಗಳು ಪರವಾಗಿಲ್ಲ ಅನ್ನಿಸಿತು. ಸಂಜೆ ಹೊತ್ತಿಗೆ ಗಾಡಿ ಮಂದವಾಯಿತು. ಚಕ್ರ ಕಳಚಿ ಮೊಳೆಯನ್ನು ಬಿಳಿ ಕಾಗದದ ಮೇಲೆ ಉರುಳಿಸಿದೆವು. ಕಾಗದದ ಮೇಲೆ ಇಟ್ಟಿಗೆ ಬಣ್ಣದ ದಪ್ಪ ಗೆರೆ ಮೂಡಿತು. ಬೆರಳಲ್ಲಿ ಒತ್ತಿದರೆ ಚುರುಚುರು ಅನ್ನುವ ಅಂಟು. ಮುರಕಲ್ಲಿನ, ಅಂದರೆ ನಮ್ಮ ಕಡೆಯ ಕೆಂಪು ಕಲ್ಲಿನ ಧೂಳು ಅದು. ನಮ್ಮ ಗೋಡೆ, ಅಂಗಳ, ದಾರಿ ಎಲ್ಲ ಮುರಕಲ್ಲೇ, ಬೇಸಿಗೆಯಲ್ಲಿ ಅದರ ಹುಡಿ ಗಾಳಿಯಲ್ಲೇ ಇರುತ್ತದೆ. ಎಣ್ಣೆ ಅದನ್ನು ಹಿಡಿದು ಕೂರಿಸಿಕೊಂಡಿತು. ಒಣ ಗ್ರಾಫೈಟ್ ಹುಡಿ ಆದರೆ ಹಿಡಿದುಕೊಳ್ಳುವುದಿಲ್ಲ. ಬೀಗದ ಕೆಲಸಕ್ಕೆ ಅಂತ ಮಾರುವ ಹುಡಿಯೇ ಆಗುತ್ತದೆ. ಮೆದು ಪೆನ್ಸಿಲ್ ಕಡ್ಡಿಯನ್ನು ನಯವಾಗಿ ಅರೆದರೂ ಪರೀಕ್ಷೆಗೆ ಸಾಕು, ಆದರೆ ಅದರಲ್ಲಿ ಜೇಡಿಯೂ ಬೆರೆತಿರುತ್ತದೆ ಅನ್ನುವುದು ನೆನಪಿರಲಿ. ಹುಡಿ ಹಾಕಿದ ಕೂಡಲೇ ಸಮಯ ಬರೆದುಕೊಳ್ಳಬೇಡಿ. ನಾಲ್ಕಾರು ಸಲ ಓಡಿ ಅದು ಒಳಗೆ ಕೂರಲಿ.

ಸಮಯ ಅಳೆಯುವುದು ಇಡೀ ಕೆಲಸದಲ್ಲಿ ಕಷ್ಟದ್ದು. 4 ಅಡಿ ಇಳಿದ ಗಾಡಿ ಸೆಕೆಂಡಿಗೆ ಹತ್ತಿರ ಹತ್ತಿರ 4.7 ಮೀಟರ್ ಓಡುತ್ತದೆ. ಸ್ಟಾಪ್‌ವಾಚ್ ಒತ್ತುವ ಬೆರಳಿನ ತಡವೇ ಎರಡು ಗಾಡಿಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು. ಮೊಬೈಲಿನ ಮಾಮೂಲಿ ವಿಡಿಯೋದಲ್ಲಿ ಸೆಕೆಂಡಿಗೆ 30 ಚಿತ್ರ. ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಗಾಡಿ 15 ಸೆಂ.ಮೀ. ದಾಟಿರುತ್ತದೆ, ಹೆಚ್ಚುಕಡಿಮೆ ಒಂದು ಇಡೀ ಗಾಡಿ. ಸ್ಲೋ ಮೋಷನ್‌ನಲ್ಲಿ 240 ಚಿತ್ರ ಸಿಕ್ಕಿದರೆ ಅದು 2 ಸೆಂ.ಮೀ.ಗೆ ಇಳಿಯುತ್ತದೆ. ಅಷ್ಟು ಸಾಕು. ಗೆರೆಯ ಪಕ್ಕ ಫೋನನ್ನು ಅಲುಗಾಡದ ಹಾಗೆ ನಿಲ್ಲಿಸಿ, ಎರಡೂ ಗಾಡಿಯನ್ನು ಒಟ್ಟಿಗೆ ಬಿಟ್ಟು, ನಡುವಿನ ಅಂತರ ನೋಡಿದರೆ ಗಡಿಯಾರವೇ ಬೇಡ. ಪ್ರತಿ ಓಟದ ನಂತರ ದಾರಿ ಅದಲುಬದಲು ಮಾಡಿ. ಎಡದ ಪ್ಲೈವುಡ್ ಬಲದ್ದಕ್ಕಿಂತ ನುಣುಪಾಗಿದ್ದರೆ ಅದರ ಪುಣ್ಯ ಗಾಡಿಗೆ ಹೋಗಬಾರದು.

ಒಂದು ಸಲಕ್ಕೆ ಒಂದೇ ಬದಲಾವಣೆ ಅನ್ನುವ ನಿಯಮವನ್ನು ಮಕ್ಕಳಿಗಿಂತ ದೊಡ್ಡವರಿಗೆ ಒಪ್ಪಿಸುವುದು ಕಷ್ಟ. ನೋಡಲು ಬಂದ ಒಬ್ಬರು ತಂದೆ, ಪ್ರೀತಿಯಿಂದಲೇ, ಗಾಡಿ ಎತ್ತಿಕೊಂಡು ಭಾರ ಸರಿಸಿ, ಚಕ್ರ ಬದಲಿಸಿ, ಹುಡಿಯನ್ನೂ ಹಾಕಿಬಿಟ್ಟರು. ಗಾಡಿ ನಿಜವಾಗಿಯೂ ಜೋರಾಗಿ ಓಡಿತು. "ಯಾವುದರಿಂದ ಓಡಿದ್ದು ಅಂಕಲ್?" ಅಂತ ಒಬ್ಬ ಪುಟ್ಟ ಕೇಳಿದ. ಅವರು ನಕ್ಕು, ಎಲ್ಲವನ್ನೂ ಮೊದಲಿನ ಹಾಗೆ ಮಾಡಿ, ಮಕ್ಕಳ ಜೊತೆ ನೆಲದ ಮೇಲೆ ಕೂತು ಒಂದೊಂದಾಗಿ ಶುರು ಮಾಡಿದರು. ಅವತ್ತು ಅವರು ಮನೆಗೆ ಹೋದದ್ದು ದೀಪ ಹಚ್ಚುವ ಹೊತ್ತಿಗೆ.

ಮೂರೇ ಚಕ್ರ ನೆಲಕ್ಕೆ ತಾಗುವ ಹಾಗೆ ಮಾಡುವುದನ್ನೂ ನೋಡಿದೆವು. ಮುಂದಿನ ಒಂದು ಚಕ್ರವನ್ನು ಕೂದಲೆಳೆಯಷ್ಟು ಮೇಲಕ್ಕೆ ಕೂರಿಸಿದರೆ ಅದು ತಿರುಗುವುದಿಲ್ಲ, ತಿರುಗಿಸುವ ಶಕ್ತಿ ಉಳಿಯುತ್ತದೆ. ಲಾಭ ಕಣ್ಣಿಗೆ ಕಾಣುವಷ್ಟಿದೆ. ಆದರೆ ಗಾಡಿ ನೇರ ಓಡದಿದ್ದರೆ ಇದೆಲ್ಲ ವ್ಯರ್ಥ. ಓರೆ ಇಟ್ಟ ಹಲಗೆಯ ಮೇಲೆ ಬಿಟ್ಟು, ಯಾವ ಕಡೆಗೆ ಎಳೆಯುತ್ತದೆ ಅಂತ ನೋಡಿ, ಮೊಳೆಯನ್ನು ಚೂರು ತಿರುಗಿಸಿ ಸರಿಮಾಡುವ ತಾಳ್ಮೆ ಮೊದಲು ಬೇಕು.

ಮಳೆಗಾಲದ ಒಂದು ಸಂಗತಿ ಹೇಳಲೇಬೇಕು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3500 ಮಿ.ಮೀ. ಆಸುಪಾಸು ಮಳೆ. ಆಟಿ ತಿಂಗಳಲ್ಲಿ ಬಟ್ಟೆ ಒಣಗುವುದಿಲ್ಲ, ಹಪ್ಪಳ ಗರಿಗರಿ ಉಳಿಯುವುದಿಲ್ಲ. ಮರವೂ ನೀರು ಕುಡಿಯುತ್ತದೆ. 45 ಗ್ರಾಂ ಹಲಗೆ ಶೇಕಡಾ 5ರಷ್ಟು ತೇವ ಹೀರಿಕೊಂಡರೂ ಎರಡು ಗ್ರಾಂ ಏರಿತು. 140ಕ್ಕೆ ಸರಿಯಾಗಿ ತೂಗಿಟ್ಟ ಗಾಡಿ ಮಿತಿ ದಾಟಿತು. ಬೇಸಿಗೆಯಲ್ಲಿ ಮಾಡಿ ಓಣಂ ರಜೆಯಲ್ಲಿ ಓಡಿಸುವುದಾದರೆ ತೆಗೆಯಲು ಬರುವ ಒಂದೆರಡು ಸಣ್ಣ ವಾಷರ್ ಮೇಲ್ಗಡೆ ಇರಲಿ. ಹಲಗೆಗೆ ವಾರ್ನಿಷ್ ಬಳಿದರೆ ತೇವ ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಬೋರ್ಡಿನಲ್ಲಿ ಈಗ ಸಾಲು ಸಾಲಾಗಿ ಬರೆದಿದೆ. ಭಾರ ಹಿಂದೆ, ಭಾರ ಮುಂದೆ. ಎಣ್ಣೆ, ಹುಡಿ. ಉಜ್ಜಿದ ಮೊಳೆ, ಉಜ್ಜದ ಮೊಳೆ. ಪ್ರತಿಯೊಂದರ ಎದುರಿಗೂ ಎಷ್ಟು ಅಂತರ, ಯಾರು ಓಡಿಸಿದ್ದು, ಯಾರು ನೋಡಿದ್ದು. ಕಾರು ಮಾಡಲು ಕೂತ ಮಗು ಎದ್ದು ಹೋಗಿ ಅದನ್ನು ಓದಿ ಬರುತ್ತದೆ. ಮನೆಯಲ್ಲಿ ಡ್ರಿಲ್ ಇದೆಯೋ ಇಲ್ಲವೋ, ಬೋರ್ಡು ಎಲ್ಲರಿಗೂ ಒಂದೇ.

ಅದರಲ್ಲಿ ಒಂದು ಸಾಲು ಖಾಲಿ ಇದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ದೂರ ಜಾಸ್ತಿ ಮಾಡಿದರೆ ಏನಾಗುತ್ತದೆ ಅಂತ ಆ ಏಳನೇ ಕ್ಲಾಸಿನ ಹುಡುಗಿಯೇ ಬರೆದದ್ದು. ಅದಕ್ಕೆ ಹೊಸ ಜೋಡಿ ಗಾಡಿ ಬೇಕು, ಇರುವುದರಲ್ಲಿ ತೂತು ಬದಲಿಸಲು ಆಗುವುದಿಲ್ಲ. ಹಲಗೆ ಆಚಾರ್ರ ಕೊಟ್ಟಿಗೆ ಸೇರಿದೆ. ಅವಳು ಗುರುತು ಹಾಕಿಕೊಟ್ಟಿದ್ದಾಳೆ. ಒಂದಕ್ಕೆ ನಾಲ್ಕೂಕಾಲು ಇಂಚು, ಇನ್ನೊಂದಕ್ಕೆ ಐದು.